ನನ್ನ ತೂಕದ ಖರ್ಜೂರ

ನಮ್ಮ ಮನೆಯಲ್ಲಿ ನನ್ನ ತೂಕ ನನ್ನ ಸ್ವಂತದ್ದಾಗಿರಲಿಲ್ಲ. ಅದು ಕೊಲ್ಲೂರಿನ ದೇವಿಗೆ ಸಲ್ಲಬೇಕಾದದ್ದು. ಸಲ್ಲುವ ತನಕ ನನ್ನ ಮೈಮೇಲೆ ಇಟ್ಟಿದ್ದರು, ಅಷ್ಟೇ. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗೀಟು ಹಾಕಿ ಗುರುತು ಮಾಡುತ್ತಾರಂತೆ. ನಮ್ಮಲ್ಲಿ ಕ್ಯಾಲೆಂಡರಿನ ಶುಕ್ರವಾರದ ಚೌಕದೊಳಗೆ ನಾನು ಎಷ್ಟು ಕಿಲೋ ಎಂದು ಬರೆಯುತ್ತಿದ್ದರು. ನನಗಾಗ ಒಂಬತ್ತು ವರ್ಷ. ಸೌದಿಯ ಇಡೀ ಅಲ್ ಅಹ್ಸಾ ಸೀಮೆಯಲ್ಲಿ ಹೀಗೆ ವಾರವಾರ ತೂಗಿಸಿಕೊಳ್ಳುವ ಇನ್ನೊಂದು ಹುಡುಗಿ ಇರಲಿಕ್ಕಿಲ್ಲ ಎಂದು ನನಗೆ ಸ್ವಲ್ಪ ಜಂಬವೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ಅಲ್ಲಿನ ಹೊಫೂಫ್ ಪಟ್ಟಣದ ಹಳೇ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಒಂದು ಮೂರು ಮಹಡಿಯ ಕಟ್ಟಡದಲ್ಲಿ ನಮ್ಮ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವುದಕ್ಕೆ ತಾರಸಿ. ಅಪ್ಪ ಊರಿನವರ ಎಸಿಗಳನ್ನೆಲ್ಲ ರಿಪೇರಿ ಮಾಡುವ ಕಂಪೆನಿಯಲ್ಲಿ ಫೋರ್‌ಮನ್. ನಮ್ಮ ಮನೆಯ ಎಸಿ ಮಾತ್ರ ವರ್ಷವಿಡೀ ಕೆಮ್ಮುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಅಮ್ಮ ಅದರ ಕೆಳಗೆ ಕೂತೇ ಹೇಳುವಳು. ದೇವರಿದ್ದದ್ದು ಅಡುಗೆಮನೆಯ ಕಪಾಟಿನ ಮೇಲಿನ ಖಾನೆಯಲ್ಲಿ. ಕೆಳಗಿನ ಖಾನೆಯಲ್ಲಿ ಸಾಂಬಾರು ಪುಡಿ, ಹುಳಿ, ಕುಚ್ಚಲಕ್ಕಿ. ಸಂಜೆ ಅಮ್ಮ ಕಪಾಟಿನ ಬಾಗಿಲು ತೆರೆದು ಸಣ್ಣ ದೀಪ ಹಚ್ಚಿ, ಎಣ್ಣೆ ಮುಗಿಯುವವರೆಗೆ ಅಲ್ಲೇ ತರಕಾರಿ ಹೆಚ್ಚುತ್ತ ಕಾಯುತ್ತಿದ್ದಳು. ಆಮೇಲೆ ಬಾಗಿಲು ಮುಚ್ಚಿದರೆ ಅದು ಬರೀ ಕಪಾಟು. ಹೀಗಾಗಿ ನನ್ನ ಮೂಗಿಗೆ ಕರ್ಪೂರವೂ ಕೊತ್ತಂಬರಿಯೂ ಒಂದೇ. ಇವತ್ತಿಗೂ ಯಾರಾದರೂ ಸಾಂಬಾರು ಪುಡಿಗೆ ಹುರಿಯುತ್ತಿದ್ದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಹರಕೆಯ ಕತೆ ಹೀಗೆ. ನಾನು ಎರಡು ತಿಂಗಳು ಮುಂಚಿತವಾಗಿ ಹುಟ್ಟಿದವಳು. ಒಂದು ಕಿಲೋ ನಾನೂರು ಗ್ರಾಂ. ಅಪ್ಪನ ಮಾತಿನಲ್ಲಿ ಹೇಳುವುದಾದರೆ ಒಂದು ಒಳ್ಳೇ ಅಂಜಲ್ ಮೀನು ನನಗಿಂತ ಜಾಸ್ತಿ ತೂಗುತ್ತಿತ್ತು. ಹೊಫೂಫಿನ ಆಸ್ಪತ್ರೆಯಲ್ಲಿ ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಮ್ಮನಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಜೊತೆಗೆ ತಾಯಿಯಿಲ್ಲ, ಅತ್ತೆಯಿಲ್ಲ, ಭಾಷೆಯಿಲ್ಲ. ಗಾಜಿನ ಈಚೆ ನಿಂತು ಅಳುವುದೊಂದೇ ಗೊತ್ತಿತ್ತು. ಆಗ ಒಬ್ಬ ಸೂಡಾನಿ ನರ್ಸ್ ಬಂದು ಅವಳ ಅಂಗೈಯಲ್ಲಿ ಖರ್ಜೂರ ಇಟ್ಟು, ತಿನ್ನು, ಹಾಲು ಬರುತ್ತದೆ ಎಂದು ಸನ್ನೆ ಮಾಡಿದಳಂತೆ. ಅಮ್ಮ ತಿನ್ನಲಿಲ್ಲ. ಖರ್ಜೂರವನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡೇ, ಕೊಲ್ಲೂರಮ್ಮಾ, ಇವಳು ತೂಕ ಬಂದು ಮನೆಗೆ ಬಂದರೆ ಇವಳ ತೂಕದ ಖರ್ಜೂರ ತುಲಾಭಾರ ಮಾಡಿಸುತ್ತೇನೆ ಎಂದು ಹೇಳಿಬಿಟ್ಟಳು. ಹೇಳಿದ ಮೇಲೆ ತಿಂದಳು. ನಲವತ್ತು ದಿನಕ್ಕೆ ನಾನು ಮನೆಗೆ ಬಂದೆ.

ತುಲಾಭಾರವೆಂದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಹರಕೆಯವರು, ಇನ್ನೊಂದು ತಟ್ಟೆಯಲ್ಲಿ ಅಷ್ಟೇ ತೂಕದ ಅಕ್ಕಿಯೋ ಬೆಲ್ಲವೋ ತೆಂಗಿನಕಾಯಿಯೋ. ಎಲ್ಲವೂ ದೇವಸ್ಥಾನದ ಹತ್ತಿರವೇ ಸಿಗುವಂಥವು. ಖರ್ಜೂರದ ತುಲಾಭಾರ ಹೇಳಿಕೊಂಡವರು ನಮ್ಮ ಪೈಕಿಯಲ್ಲಿ ಅಮ್ಮ ಒಬ್ಬಳೇ. ಅಪ್ಪ ಇದನ್ನು ಹಿಡಿದು ವರ್ಷಕ್ಕೆರಡು ಸಲವಾದರೂ ಕಿಚಾಯಿಸುವರು.

“ಅಲ್ಲ ಮಾರಾಯ್ತಿ, ಬಾಳೆಹಣ್ಣು ಅಂದಿದ್ರೆ ಆತಿರ್ಲಿಲ್ಯಾ? ಕೊಲ್ಲೂರಲ್ಲೇ ಗೊನೆಗಟ್ಲೆ ಸಿಕ್ತಿತ್ತು.”

“ಕೈಯಲ್ಲಿ ಇದ್ದದ್ದು ಅದು. ಬಾಯಿಗೆ ಬಂದದ್ದು ಅದು,” ಎಂದು ಅಮ್ಮ ದೋಸೆ ತಿರುವಿ ಹಾಕುವಳು.

ಉಡುಪಿಯ ಅಂಗಡಿಯಲ್ಲಿ ಖರ್ಜೂರ ಕೊಂಡರಾಯಿತಲ್ಲ ಎಂದರೂ ಒಪ್ಪುತ್ತಿರಲಿಲ್ಲ. ಈ ಮಣ್ಣಿನಲ್ಲಿ ನಿಂತು ಆಡಿದ ಮಾತು, ಈ ಮಣ್ಣಿನದ್ದೇ ಹೋಗಬೇಕು. ನಿಂತದ್ದು ಮಣ್ಣಿನ ಮೇಲಲ್ಲ, ಆಸ್ಪತ್ರೆಯ ಟೈಲ್ಸಿನ ಮೇಲೆ ಎಂದು ಅಪ್ಪ ಹೇಳಿದರೆ ಆ ದಿನ ಅವರಿಗೆ ಎರಡನೇ ದೋಸೆ ಬೀಳುತ್ತಿರಲಿಲ್ಲ.

ಹರಕೆ ತೀರಿಸುವುದಕ್ಕೆ ಮೂರು ಸಲ ಹೊರಟಿದ್ದೆವು. ಮೊದಲನೇ ಸಲ, ನನಗೆ ಎರಡು ವರ್ಷವಿದ್ದಾಗ, ನಾವು ಕುಂದಾಪುರ ಮುಟ್ಟಿದ ಮೂರನೇ ದಿನ ಅಪ್ಪನ ಅಪ್ಪ ತೀರಿಕೊಂಡರು. ಸೂತಕದಲ್ಲಿ ದೇವಸ್ಥಾನವಿಲ್ಲ. ಖರ್ಜೂರವನ್ನು ಬೊಜ್ಜದ ತಿಥಿಯೂಟಕ್ಕೆ ಬಂದವರು ತಿಂದರು. ಎರಡನೇ ಸಲ ನನ್ನ ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದು, ರಜೆಯಿಡೀ ಬೇವಿನ ಸೊಪ್ಪಿನ ಮೇಲೆ ಮಲಗಿದೆ. ಮೂರನೇ ಸಲ ಅಪ್ಪನ ರಜೆಯೇ ರದ್ದಾಯಿತು. ಈ ನಡುವೆ ನಾನು ಸುಮ್ಮನಿದ್ದೆನೇ? ಒಂಬತ್ತು ಕಿಲೋ ಇದ್ದವಳು ಹದಿನಾರಾದೆ, ಇಪ್ಪತ್ತೊಂದಾದೆ. ನನಗೆ ಜ್ವರ ಬಂದರೆ, ಬಸ್ಸಿಳಿಯುವಾಗ ಮಂಡಿ ತರಚಿದರೆ, ಲೆಕ್ಕದಲ್ಲಿ ಅಂಕ ಕಡಿಮೆ ಬಂದರೂ ಸಹ ಅಮ್ಮ ಕಪಾಟಿನ ಕಡೆ ನೋಡಿ ತಪ್ಪಾಯಿತು ಎನ್ನುವಳು. ಅವಳು ಚೆನ್ನಾಗಿ ನಗುತ್ತಿದ್ದ ಹೆಂಗಸು. ಆದರೆ ನಾನು ಸೀನಿದರೆ ಸಾಕು, ಆ ನಗು ಅಲ್ಲೇ ನಿಂತುಬಿಡುತ್ತಿತ್ತು.

ಆ ವರ್ಷ ಬಕ್ರೀದ್ ರಜೆ ನವರಾತ್ರಿ ಕಳೆದ ಮೇಲೆ ಬಿದ್ದಿತು. ಅಪ್ಪನ ಕಂಪೆನಿಗೆ ಎಂಟು ದಿನ ರಜೆ, ನಮ್ಮ ಶಾಲೆಗೂ ರಜೆ. ಕೊಲ್ಲೂರಿನಲ್ಲಿ ನವರಾತ್ರಿಯ ಜನಜಂಗುಳಿ ಕರಗಿರುತ್ತದೆ. ಇದಕ್ಕಿಂತ ಒಳ್ಳೇ ಯೋಗ ಬೇರೆ ಬೇಕೇ ಎಂದು ಅಪ್ಪ ಒಂದು ಶುಕ್ರವಾರ ನೀರುದೋಸೆ ತಿನ್ನುತ್ತ ಹೇಳಿದಾಗ ಅಮ್ಮ ಕೈ ತೊಳೆದು ಬಂದು, ಹಳೇ ಕ್ಯಾಲೆಂಡರಿನ ಹಾಳೆಯನ್ನು ಬೋರಲು ಹಾಕಿ ಅವರ ಮುಂದೆ ಇಟ್ಟಳು. ಅಪ್ಪ ಗೀಟೆಳೆದು ಎಂಟು ಮನೆ ಮಾಡಿದರು. ಮೊದಲ ಮನೆ ದಮ್ಮಾಮಿನಿಂದ ಮಂಗಳೂರು. ಮೂರು ದಿನ ಕುಂದಾಪುರದಲ್ಲಿ ಅಜ್ಜಿಯ ಹತ್ತಿರ. ಐದನೆಯ ಮನೆಯಲ್ಲಿ ದೊಡ್ಡದಾಗಿ ಕೊಲ್ಲೂರು. ಅದರ ಮುಂದಿನ ಎರಡು ಮನೆಗಳಲ್ಲಿ ಏನೂ ಬರೆಯಬಾರದು, ಏನಾದರೂ ಅಡ್ಡಿ ಬಂದರೆ ಮುಂದಕ್ಕೆ ಹಾಕಲು ಜಾಗ ಬೇಕು ಎಂದು ಅಮ್ಮ ಹಟ ಹಿಡಿದಳು. ನನಗೆ ಆ ಹಾಳೆಯ ಮೇಲೆ ಗೋಪುರದ ಚಿತ್ರ ಬಿಡಿಸುವ ಕೆಲಸ ಸಿಕ್ಕಿತು.

ಕೆಳಗಿನ ಮನೆಯಲ್ಲಿ ಭಟ್ಕಳದ ಇಸ್ಮಾಯಿಲ್ ಅಂಕಲ್ ಮತ್ತು ಜುಬೇದ ಆಂಟಿ ಇದ್ದರು. ಅಂಕಲ್‌ಗೆ ಮಾರುಕಟ್ಟೆಯಲ್ಲಿ ಖರ್ಜೂರದ ಅಂಗಡಿ. ಅವರ ಮನೆಯೊಳಗೆ ನವಾಯತಿ ಮಾತು, ನಮ್ಮೊಡನೆ ಕನ್ನಡ. ಹರಕೆಯ ವಿಷಯ ಅವರಿಗೆ ನಮ್ಮಷ್ಟೇ ಗೊತ್ತಿತ್ತು. ನನ್ನನ್ನು ತೂಗುತ್ತಿದ್ದದ್ದೇ ಜುಬೇದ ಆಂಟಿಯಿಂದ ಎರವಲು ತಂದು ನಮ್ಮಲ್ಲೇ ಇಟ್ಟುಕೊಂಡಿದ್ದ ತೂಕದ ಯಂತ್ರದಲ್ಲಿ. ಆ ವಾರ ನಾನು ಇಪ್ಪತ್ತೇಳು ಕಿಲೋ. ಅಂಕಲ್ ಹೊಸ ಬೆಳೆಯ, ಖಲಾಸ್ ಎಂಬ ಜಾತಿಯ ಖರ್ಜೂರವನ್ನು ಒಂದೊಂದೇ ಆರಿಸಿ, ಮೂರು ಕಿಲೋದ ಒಂಬತ್ತು ಡಬ್ಬಿ ಕಟ್ಟಿಸಿ ತಾವೇ ಹೊತ್ತು ತಂದರು. ದುಡ್ಡು ಬೇಡ ಎಂದರು. ಅಮ್ಮ, ಹರಕೆಯದ್ದು ಬಿಟ್ಟಿಯಾಗಬಾರದು ಎಂದಳು. ಅಂಕಲ್ ಸ್ವಲ್ಪ ಯೋಚಿಸಿ, ನಿಯ್ಯತ್ತು ಅಂದರೆ ಹಾಗೆಯೇ ಇರಬೇಕು ಎಂದು ತಲೆ ಆಡಿಸಿ ದುಡ್ಡು ತೆಗೆದುಕೊಂಡರು. ಡಬ್ಬಿಗಳು ಮಲಗುವ ಕೋಣೆಯ ಮೂಲೆಯಲ್ಲಿ, ಮಡಿಬಟ್ಟೆಯ ಕೆಳಗೆ ಕೂತವು. ಮೀಸಲು. ಮುಟ್ಟಬಾರದು, ಮೂಸಬಾರದು. ರಾತ್ರಿ ನಾನು ಮಲಗುತ್ತಿದ್ದದ್ದು ಅದರ ಪಕ್ಕದಲ್ಲೇ, ಆದ್ದರಿಂದ ಮೂಸದೆ ಬೇರೆ ದಾರಿಯಿರಲಿಲ್ಲ. ಇದನ್ನು ದೇವಿ ಕ್ಷಮಿಸಿರಬೇಕು.

ಜಗಳ ಹತ್ತಿದ್ದು, ತೂಕ ಎಷ್ಟಾಗುತ್ತದೆಂದು ಮುಂಚಿತವಾಗಿಯೇ ಪೆಟ್ಟಿಗೆ ಕಟ್ಟಿ ನೋಡುವಾಗ. ವಿಮಾನದಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತು ಕಿಲೋ, ಮೂವರಿಗೆ ಅರವತ್ತು. ಇಪ್ಪತ್ತೇಳು ದೇವಿಯದ್ದು. ಉಳಿದದ್ದರಲ್ಲಿ ನಮ್ಮ ಬಟ್ಟೆ, ಮತ್ತೆ ಊರಿನವರಿಗೆ ಕೊಡುವುದು. ಗಲ್ಫಿನಿಂದ ಹೋದವರು ಕೈ ಬೀಸಿಕೊಂಡು ಅಂಗಳಕ್ಕೆ ಕಾಲಿಡಲಾಗುತ್ತದೆಯೇ? ಅಪ್ಪನ ಮೂವರು ಅಕ್ಕಂದಿರು, ಅವರ ಮಕ್ಕಳು, ಪಕ್ಕದ ಮನೆಯವರು. ಸೋಪು, ಸೆಂಟು, ಟ್ಯಾಂಗ್, ನೋವಿನ ಎಣ್ಣೆ. ಎಲ್ಲಕ್ಕಿಂತ ಮುಖ್ಯವಾಗಿ ಅಜ್ಜಿಗೆ ಕಂಬಳಿ. ಮೆತ್ತನೆಯ, ಗುಲಾಬಿ ಹೂವಿನ ದಪ್ಪ ಕಂಬಳಿ. ಅಜ್ಜಿ ಜೀವಮಾನದಲ್ಲಿ ಮಗನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಪ್ಪ ಕೈತಕ್ಕಡಿಗೆ ಪೆಟ್ಟಿಗೆ ನೇತುಹಾಕಿ ನೋಡುವರು, ತೆಗೆಯುವರು, ಇನ್ನೊಂದರಲ್ಲಿ ತುರುಕುವರು. ಎಷ್ಟು ಮಾಡಿದರೂ ಎರಡು ಕಿಲೋ ಹೆಚ್ಚು. ಕಂಬಳಿ ಬಿಡಿ ಎಂದು ಅಮ್ಮ, ಸೋಪು ಬಿಡು ಎಂದು ಅಪ್ಪ. ನಿಮ್ಮ ಅಕ್ಕಂದಿರ ಕೊಂಕು ಕೇಳುವವಳು ನಾನು ಎಂದು ಅಮ್ಮ. ಹಾಗಾದರೆ ಒಂದು ಡಬ್ಬಿಯನ್ನು ಉಡುಪಿಯಲ್ಲೇ ಕೊಳ್ಳೋಣ ಎಂದು ಅಪ್ಪ ಅಂದದ್ದೇ ತಡ, ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಸದ್ದಿನಲ್ಲಿ ಉಳಿದ ಮಾತಾಡಿದಳು. ಅಪ್ಪ ತಲೆ ಕೆರೆದುಕೊಂಡು ನನ್ನನ್ನು ನೋಡಿದರು.

“ಎಲ್ಲ ನಿನ್ನಿಂದ ಕಾಣ್ ಮಗಾ. ನೀನೊಂದು ಎರಡು ಕಿಲೋ ಕಮ್ಮಿ ಇದ್ದಿದ್ರೆ ಅಜ್ಜಿ ಕಂಬ್ಳಿ ಹೊರಡ್ತಿತ್ತು.”

ತಮಾಷೆಗೆ ಅಂದದ್ದು. ನನ್ನ ಗಲ್ಲ ಹಿಂಡಿಯೇ ಅಂದದ್ದು. ಆದರೆ ನನಗೆ ಅದು ತಮಾಷೆಯಾಗಿ ಕೇಳಲಿಲ್ಲ. ಎಲ್ಲ ತೊಂದರೆಯ ಬೇರು ಕೈಗೆ ಸಿಕ್ಕಂತಾಯಿತು. ನಾನು ಬೆಳೆಯುತ್ತಿರುವುದರಿಂದಲೇ ಹರಕೆ ಮುಂದೆ ಮುಂದೆ ಓಡುತ್ತಿದೆ. ನಾನು ಬೆಳೆಯುತ್ತಿರುವುದರಿಂದಲೇ ಅಮ್ಮ ಪಾತ್ರೆ ಕುಕ್ಕುತ್ತಿದ್ದಾಳೆ, ಅಜ್ಜಿಗೆ ಚಳಿಯಾಗುತ್ತಿದೆ. ಕರಾವಳಿಯಲ್ಲಿ ಎಂಥ ಚಳಿ ಎಂದು ಆಗ ಹೊಳೆಯಲಿಲ್ಲ. ಹಿರಿಯರು ಇಷ್ಟೆಲ್ಲ ಗೀಟೆಳೆದು ಬಗೆಹರಿಸಲಾಗದ್ದನ್ನು ನಾನೊಬ್ಬಳೇ, ಯಾರಿಗೂ ಹೇಳದೆ, ಬಗೆಹರಿಸಬಲ್ಲೆ ಎಂದು ತೀರ್ಮಾನಿಸಿದೆ. ಹೊರಡುವುದಕ್ಕೆ ಇನ್ನೂ ಏಳು ವಾರವಿತ್ತು.

ಶಾಲೆಯ ಬುತ್ತಿ ನನ್ನ ಬೆಂಚಿನ ಗೆಳತಿಗೆ ಹೋಗತೊಡಗಿತು. ಅವಳು ಯಾಕೆ ಎಂದು ಕೇಳುವ ಜಾತಿಯವಳಲ್ಲ. ಮನೆಯಲ್ಲಿ ಅನ್ನವನ್ನು ತಟ್ಟೆಯ ಅಂಚಿಗೆ ಹರಡಿ ತಿಂದಂತೆ ಮಾಡುವುದನ್ನು ಕಲಿತೆ. ಸೆಕೆಗೆ ಹಸಿವೆಯಿಲ್ಲ ಎಂದರೆ ಅಮ್ಮ ಎಸಿಯನ್ನೂ ಎಸಿಯ ಫೋರ್‌ಮನ್ನನ್ನೂ ಬೈದು ಸುಮ್ಮನಾಗುವಳು. ಶುಕ್ರವಾರ ಯಂತ್ರದ ಮೇಲೆ ನಿಂತರೆ ಮುಳ್ಳು ಇಪ್ಪತ್ತೇಳಕ್ಕೆ ಮುಟ್ಟಲಿಲ್ಲ. ಮುಂದಿನ ವಾರ ಇಪ್ಪತ್ತಾರು. ಅದರ ಮುಂದಿನ ವಾರ ಇಪ್ಪತ್ತೈದೂವರೆ. ಅಪ್ಪ ಕ್ಯಾಲೆಂಡರಿನಲ್ಲಿ ಬರೆಯುತ್ತ ಕಂಬಳಿ ಬಸ್‌ಸ್ಟ್ಯಾಂಡಿಗೆ ಬಂತು, ಕಂಬಳಿ ಏರ್‌ಪೋರ್ಟಿಗೆ ಬಂತು ಎಂದು ನಗಿಸಿದರು. ಅಮ್ಮ ನಗಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದು ಒಂದು ಅಕ್ಕಿಚೀಲ ಇಟ್ಟು ನೋಡಿದಳು. ಯಂತ್ರ ಸರಿಯಾಗಿಯೇ ಇತ್ತು. ಅಂದು ಸಂಜೆ ಅವಳು ಕಪಾಟಿನ ಮುಂದೆ ದೀಪ ಆರಿದ ಮೇಲೂ ಕೂತಿದ್ದಳು. ಕೈಯಲ್ಲಿ ಹೆಚ್ಚುವುದಕ್ಕೆ ತರಕಾರಿ ಇರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ: ಪಾಪ, ಇವಳಿಗೆ ಗೊತ್ತಿಲ್ಲ, ಎಲ್ಲ ಸರಿಹೋಗುತ್ತಿದೆ.

ಸಿಕ್ಕಿಬಿದ್ದದ್ದು ಜುಬೇದ ಆಂಟಿಯ ಕೈಯಲ್ಲಿ. ಶಾಲೆಯಿಂದ ಬಂದು ಸಂಜೆ ಅವರಲ್ಲಿ ಆಡಲು ಹೋಗುವುದು ನನ್ನ ರೂಢಿ, ಒಂದು ಬಟ್ಟಲು ಹಾಲುಶಾವಿಗೆ ಕೊಡುವುದು ಅವರ ರೂಢಿ. ಮೂರು ದಿನ ಬೇಡವೆಂದೆ. ನಾಲ್ಕನೇ ದಿನ ಅವರು ಬಟ್ಟಲನ್ನು ನನ್ನ ಮುಂದಿಟ್ಟು, ಬಾಗಿಲ ಚಿಲಕ ಹಾಕಿ, ಎದುರು ಕೂತರು. ಮುಖ ಬಾಡಿದೆ, ಕುತ್ತಿಗೆ ಸಣ್ಣಗಾಗಿದೆ, ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇ ಎಂದು ಮೆಲ್ಲಗೆ ಕೇಳಿದರು. ಶಾವಿಗೆಯಿಂದ ಏಲಕ್ಕಿಯ ಆವಿ ಏಳುತ್ತಿತ್ತು. ನನ್ನ ಶೌರ್ಯವೆಲ್ಲ ಆ ಆವಿಯಲ್ಲಿ ಕರಗಿತು.

“ಕೊಲ್ಲೂರಿಗೆ ಹೋಗಿ ಬಂದ ಮೇಲೆ ತಿಂತೇನೆ ಆಂಟಿ. ಈಗ ತಿಂದ್ರೆ ಖರ್ಜೂರ ಜಾಸ್ತಿ ಆಗ್ತದೆ. ಅಜ್ಜಿ ಕಂಬಳಿ ಹೋಗುದಿಲ್ಲ.”

ಜುಬೇದ ಆಂಟಿ ಬಾಯಿಗೆ ದುಪಟ್ಟಾ ಒತ್ತಿಕೊಂಡರು. ನಗುತ್ತಾರೆಂದುಕೊಂಡೆ, ನಗುತ್ತಿರಲಿಲ್ಲ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ, ಅಮ್ಮನ ಮುಂದೆ ನಿಲ್ಲಿಸಿ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು.

ಅಮ್ಮ ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅವಳು ಕಪಾಟಿನ ಮೇಲಿನ ಖಾನೆಯಲ್ಲಿ, ದೇವರ ಪಟದ ಹಿಂದೆ ಕೈ ಹಾಕಿ ಹುಡುಕುತ್ತಿದ್ದಳು. ಒಂದು ಸಣ್ಣ ಪ್ಲಾಸ್ಟಿಕ್ ಪಟ್ಟಿ ತೆಗೆದಳು. ಹುಟ್ಟಿದಾಗ ಆಸ್ಪತ್ರೆಯಲ್ಲಿ ನನ್ನ ಕೈಗೆ ಕಟ್ಟಿದ್ದು. ಅರಬ್ಬಿಯಲ್ಲಿ ಬರೆದಿದ್ದ ಹೆಸರು ಮಾಸಿತ್ತು. ಅದನ್ನು ತನ್ನ ಹೆಬ್ಬೆರಳಿಗೆ ಹಾಕಿ ತೋರಿಸಿದಳು. ಹೆಬ್ಬೆರಳಿಗೆ ಸರಿಯಾಗಿತ್ತು.

“ಇದು ನಿನ್ನ ಕೈಯಿಂದ ಜಾರಿ ಬೀಳ್ತಿತ್ತು,” ಎಂದಳು. “ಜಾರ್ದೇ ಇರ್ಲಿ ಅಂತ ಹೇಳ್ಕೊಂಡ ಹರಕೆ ಅದು, ಮಗಾ. ನೀನು ಭಾರ ಆಗ್ಲಿ ಅಂತ. ಹೊತ್ತುಕೊಂಡು ಹೋಪೂಕೆ ನಂಗೆ ಎಷ್ಟು ಕಷ್ಟ ಆತ್ತೋ ಅಷ್ಟು ನಂಗೆ ಖುಷಿ. ನೀನು ಹಗುರ ಆಗಿ ಬಂದ್ರೆ ಕೊಲ್ಲೂರಮ್ಮನ ಎದುರು ನಾನು ಎಂತ ಮುಖ ಇಟ್ಕೊಂಡು ನಿಲ್ಲೂದು?”

ಆಮೇಲೆ ಅವಳು ಮಾಡಿದ್ದನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಮಲಗುವ ಕೋಣೆಗೆ ಹೋಗಿ ಮಡಿಬಟ್ಟೆ ಸರಿಸಿ, ಮೇಲಿನ ಡಬ್ಬಿ ತಂದು, ಅಂಟಿಸಿದ ಪಟ್ಟಿಯನ್ನು ಹಲ್ಲಿನಿಂದ ಹರಿದು ತೆರೆದಳು. ನನ್ನ ನೆರಳು ಬೀಳಲೂ ಬಿಡದ ಖರ್ಜೂರ. ಒಂದನ್ನು ಬಿಡಿಸಿ, ಬೀಜ ತೆಗೆದು, ನನ್ನ ಬಾಯಿಗಿಟ್ಟಳು. ಮೀಸಲಮ್ಮಾ ಎಂದೆ. ಬಾಯಿ ಮುಚ್ಚಿಕೊಂಡು ತಿನ್ನು ಎಂದಳು. ಬಾಯಿ ಮುಚ್ಚಿಕೊಂಡು ತಿಂದೆ. ಅದು ಮುಗಿಯುವುದರೊಳಗೆ ಇನ್ನೊಂದು ಸಿದ್ಧವಾಗಿತ್ತು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಅಮ್ಮ ನನ್ನನ್ನು ಎಷ್ಟು ಪ್ರೀತಿಸುತ್ತಾಳೆಂದು ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲವೆಂದಲ್ಲ. ಆದರೆ ದೇವರಿಗಿಟ್ಟದ್ದನ್ನು ಒಡೆದು ಕೊಡುವಷ್ಟು ಎಂದು ಗೊತ್ತಾದದ್ದು ಆ ಸಂಜೆಯೇ. ಐದು ಖರ್ಜೂರದ ಮೇಲೆ ಶಾವಿಗೆಯನ್ನೂ ತಿನ್ನಿಸಿದರು. ಜುಬೇದ ಆಂಟಿ ಬಟ್ಟಲು ಖಾಲಿಯಾಗದೆ ಎದ್ದು ಹೋಗುವವರಲ್ಲ.

ಅಪ್ಪ ಕೆಲಸದಿಂದ ಬಂದು ವಿಷಯ ಕೇಳಿದವರೇ ಬೂಟು ಬಿಚ್ಚದೆ ನೆಲದ ಮೇಲೆ ಕೂತರು. ನನ್ನ ಈ ಬಾಯಿಗೆ ಬೆಂಕಿ ಬೀಳಲಿ ಎಂದು ತಮ್ಮನ್ನೇ ಬೈದುಕೊಂಡರು. ಆಮೇಲೆ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ತುಂಬ ಹೊತ್ತು ಏನೂ ಕಿಚಾಯಿಸದೆ ಇದ್ದರು. ಅವರ ಮಟ್ಟಿಗೆ ಅದೇ ದೊಡ್ಡ ಪ್ರಾಯಶ್ಚಿತ್ತ. ಮರುದಿನ ಪೆಟ್ಟಿಗೆಯಿಂದ ತಮ್ಮ ಬಟ್ಟೆಯನ್ನೆಲ್ಲ ತೆಗೆದು, ಊರಿನಲ್ಲಿ ಎರಡು ಲುಂಗಿ ಇದೆ, ನಾನೇನು ಮದುಮಗನೇ ಎಂದರು. ಕಂಬಳಿ ಒಳಗೆ ಹೋಯಿತು. ಒಡೆದ ಡಬ್ಬಿ ನನ್ನ ಪಾಲಿಗೆ ಉಳಿಯಿತು, ಅದರ ಬದಲಿಗೆ ಇಸ್ಮಾಯಿಲ್ ಅಂಕಲ್ ಅಂಗಡಿಯಿಂದ ಹೊಸ ಡಬ್ಬಿ ಬಂತು. ಎಷ್ಟು ತೂಕಕ್ಕೆ ಎಷ್ಟು ಒಯ್ಯಬೇಕೆಂಬ ಮಾತು ಮತ್ತೆ ಬಂದಾಗ ಒಂಬತ್ತೇ ಇರಲಿ ಎಂದಳು ಅಮ್ಮ. ಕ್ಯಾಲೆಂಡರಿನಲ್ಲಿ ಬರೆಯುವುದನ್ನು ನಿಲ್ಲಿಸಿದಳು. ಯಂತ್ರವನ್ನು ಮಂಚದ ಕೆಳಗೆ ತಳ್ಳಿದಳು. ಹೊರಡುವ ದಿನ ಜುಬೇದ ಆಂಟಿ, ದಾರಿಯಲ್ಲಿ ತಿನ್ನಲಿಕ್ಕೆ ಎಂದು ನನ್ನ ಶಾಲೆಯ ಚೀಲಕ್ಕೆ ಒಂದು ಪೊಟ್ಟಣ ತುರುಕಿದರು. ಬೀಜ ತೆಗೆದು ಬಾದಾಮಿ ತುಂಬಿದ ಖರ್ಜೂರ. ಇದು ಹರಕೆಯದ್ದಲ್ಲ, ನಿನ್ನದು, ನೆನಪಿರಲಿ ಎಂದರು.

ಕುಂದಾಪುರದಲ್ಲಿ ಅಜ್ಜಿ ಮೂರು ದಿನ ನನಗೆ ಮಾಡಿದ್ದನ್ನು ಉಪಚಾರ ಎನ್ನುವುದು ಸಾಲದು. ಹಲಸಿನ ಎಲೆಯ ಕಡುಬು, ಬೆಲ್ಲದ ನೀರು, ಎರಡು ಹೊತ್ತು ಗಂಜಿಗೆ ತುಪ್ಪ. ಕಂಬಳಿಯನ್ನು ಆ ಸೆಕೆಯಲ್ಲೂ ಹೊದ್ದು ತೋರಿಸಿ, ಬೆವರುತ್ತ, ಹೂವಿನ ಹಾಗೆ ಇದೆ ಎಂದಳು. ಐದನೆಯ ದಿನ ಏನೂ ಅಡ್ಡಿ ಬರಲಿಲ್ಲ. ದಾರಿಯಿಡೀ ಅಮ್ಮ ನನ್ನ ಹಣೆ ಮುಟ್ಟಿ ನೋಡುತ್ತಲೇ ಇದ್ದಳು.

ಕೊಲ್ಲೂರಿನಲ್ಲಿ ತಕ್ಕಡಿಯ ತಟ್ಟೆಯ ಮೇಲೆ ರೇಷ್ಮೆಲಂಗ ಮಡಚಿ ಕೂತೆ. ಎದುರಿನ ತಟ್ಟೆಯ ಮೇಲೆ ಅಪ್ಪ ಒಂದೊಂದೇ ಡಬ್ಬಿ ಇಟ್ಟರು. ಅಲ್ಲಿದ್ದ ಜನ ಬಾಳೆಹಣ್ಣು ಬೆಲ್ಲ ಬಿಟ್ಟು ನಮ್ಮದನ್ನು ನೋಡಲು ಬಂದು ನಿಂತರು. ಏಳು, ಎಂಟು, ಒಂಬತ್ತು. ನನ್ನ ತಟ್ಟೆ ನೆಲ ಬಿಡಲಿಲ್ಲ. ಅಪ್ಪನ ಮುಖ ಇಳಿಯಿತು. ತೂಕ ಮಾಡಿಸುತ್ತಿದ್ದ ಭಟ್ಟರು ಸರಪಳಿ ಮುಟ್ಟಿ ನೋಡಿ, ಅಮ್ಮನ ಕಡೆ ತಿರುಗಿದರು.

“ಕಮ್ಮಿ ಬಿತ್ತಲ್ಲ ಅಮ್ಮ. ಕಾಲು ಕಿಲೋ ಆದರೂ ಬೇಕು.”

“ಕಮ್ಮಿಯಾ?” ಎಂದಳು ಅಮ್ಮ. “ಸಮಾ ಕಾಣಿ ಭಟ್ರೇ. ನಿಜವಾಗ್ಲೂ ಕಮ್ಮಿಯಾ?”

ಅವರು ಕಮ್ಮಿ ಎಂದರು. ಅಮ್ಮ ನಕ್ಕಳು. ಒಂಬತ್ತು ವರ್ಷ ನಾನು ಕಾಣದ ನಗು, ನಾನು ಸೀನಿದರೂ ನಿಲ್ಲದ ನಗು. ಅಷ್ಟು ಜನರ ನಡುವೆ, ದೇವಿಯ ಎದುರಿಗೇ ಸೆರಗು ಬಾಯಿಗೆ ಹಿಡಿಯದೆ ನಕ್ಕಳು. ನಾನು ತಟ್ಟೆಯ ಮೇಲಿಂದಲೇ ಕೈ ಚಾಚಿ, ನೆಲದ ಮೇಲಿದ್ದ ಶಾಲೆಯ ಚೀಲದಿಂದ ಜುಬೇದ ಆಂಟಿಯ ಪೊಟ್ಟಣ ತೆಗೆದು ಹಿಡಿದೆ. ನಾನಾಗಲೇ ಅದರಲ್ಲಿ ಅರ್ಧ ತಿಂದಿದ್ದೆ. ಎಂಜಲಲ್ಲವೇ, ಹರಕೆಯದ್ದಲ್ಲವಲ್ಲ, ಬಿಟ್ಟಿ ಬಂದದ್ದಲ್ಲವೇ ಎಂದು ಅಪ್ಪ ಒಂದೊಂದಾಗಿ ಅಮ್ಮನ ಕಾಯಿದೆಗಳನ್ನೆಲ್ಲ ಅವಳಿಗೇ ನೆನಪಿಸತೊಡಗಿದರು. ಅಮ್ಮ ಪೊಟ್ಟಣ ತೆಗೆದುಕೊಂಡು ಡಬ್ಬಿಗಳ ಮೇಲೆ ಇಟ್ಟಳು. ನಾನು ಕೂತ ತಟ್ಟೆ ಮೆಲ್ಲಗೆ ಮೇಲೆದ್ದಿತು.

ಹೊಫೂಫಿಗೆ ಮರಳಿದ ದಿನ ಅಮ್ಮ ಪೆಟ್ಟಿಗೆಯನ್ನೂ ಬಿಚ್ಚದೆ, ಮಂಚದ ಕೆಳಗಿನಿಂದ ಯಂತ್ರ ತೆಗೆದು ಒರೆಸಿ, ನನ್ನನ್ನು ಕರೆದುಕೊಂಡು ಕೆಳಗಿನ ಮನೆಗೆ ಹೋದಳು. ಬಾಗಿಲು ತೆರೆದ ಜುಬೇದ ಆಂಟಿ ಹೋದ ಕೆಲಸ ಆಯಿತೇ ಎಂದು ಕೇಳುವ ಮೊದಲೇ ಅಮ್ಮ ಹೇಳಿದಳು.

“ಕಮ್ಮಿ ಬಿತ್ತು ಜುಬೇದಕ್ಕ. ನಿಮ್ಮದನ್ನೂ ಹಾಕ್ಬೇಕಾಯ್ತು.”

ಜುಬೇದ ಆಂಟಿ ಅಲ್‌ಹಮ್ದುಲಿಲ್ಲಾ ಎಂದು, ಯಂತ್ರವನ್ನು ಗೋಡೆಗೆ ಒರಗಿಸಿಟ್ಟು, ನನಗೆ ಶಾವಿಗೆ ತರಲು ಒಳಗೆ ಹೋದರು.